ಗೇರ್‌ಬಾಕ್ಸಿಗೆ ಬಾಯಿ ಬಂದ ಬೆಳಗು

ಇದು ನಡೆದ ಕಥೆ. ಅಲ್ಲ, ತಪ್ಪಾಯಿತು, ಓಡಿದ ಕಥೆ. ನಾಲ್ಕು ಚಕ್ರದ ಮೇಲೆ, ಡೀಸೆಲ್ ಕುಡಿದು, ಬೆಟ್ಟ ಹತ್ತಿದ ಕಥೆ. ಸುಳ್ಳು ಅನ್ನಿಸಿದರೆ ಗೇರಣ್ಣನನ್ನೇ ಕೇಳಿ. ಅವನ ಬಾಯಲ್ಲಿ ಇನ್ನೂ ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ.

ಗೇರಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಸ್ಸಿನಲ್ಲಿ ಬಿದ್ದ ಹೆಸರು. ಜೀವಮಾನವೆಲ್ಲ ಬಸ್ ಓಡಿಸಿದವನು. ಗೇರ್ ಕೋಲನ್ನು ಬಾವಿಯಿಂದ ನೀರು ಸೇದುವವನ ಹಾಗೆ ಎಳೆದು, ಕ್ಲಚ್ಚನ್ನು ಹಳೆ ಸಿಟ್ಟು ತೀರಿಸಿಕೊಳ್ಳುವವನ ಹಾಗೆ ತುಳಿದು ಗೇರ್ ಬದಲಿಸುತ್ತಿದ್ದ. ನಿವೃತ್ತಿಯಾದ ಮೇಲೆ ಮನೆಗೊಂದು ಡೀಸೆಲ್ ಕಾರು ಬಂತು. ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ. ಪಾಪ, ಅವನ ಎಡಗಾಲಿಗೆ ಅವತ್ತೇ ನಿಜವಾದ ನಿವೃತ್ತಿ. ಆದರೆ ಆ ಕಾಲು ಒಪ್ಪಬೇಕಲ್ಲ! ಹಳೆ ಚಾಳಿಗೆ ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕನ್ನೇ ತುಳಿಯುತ್ತಿತ್ತು. ಒಳಗೆ ಕೂತವರ ಹಣೆ ಮುಂದಿನ ಸೀಟಿಗೆ.

ಅವನ ಹೆಂಡತಿ ಜೇನು ಸಾಕುತ್ತಾಳೆ. ಎಲ್ಲರಿಗೂ ಜೇನಕ್ಕ. ಬೆಟ್ಟದ ಮೇಲೆ ಹೂ ಬಿಟ್ಟಾಗ ಜೇನು ಪೆಟ್ಟಿಗೆಗಳನ್ನು ಕಾರಿನಲ್ಲಿಟ್ಟು ಮೇಲಕ್ಕೆ ಸಾಗಿಸಬೇಕು. ಅದೂ ಬೆಳಕು ಹರಿಯುವ ಮೊದಲು, ನೊಣಗಳೆಲ್ಲ ಗೂಡಿನೊಳಗೆ ಮುದುಡಿಕೊಂಡಿರುವಾಗ. ಪೆಟ್ಟಿಗೆಯೊಳಗೆ ಮೇಣದ ಎರಿಗಳು ತೂಗುಬಿದ್ದಿರುತ್ತವೆ. ಗಾಡಿ ಒಮ್ಮೆ ಜಗ್ಗಿದರೆ ಸಾಕು, ಎರಿ ಮುರಿದು ಬೀಳುತ್ತದೆ, ಕೆಳಗೆ ಸಿಕ್ಕಿಕೊಂಡ ರಾಣಿಜೇನು ಅಪ್ಪಚ್ಚಿ. ಹೋದ ಸಲ ಹಾಗೇ ಆಗಿತ್ತು. ಜೇನಕ್ಕನ ಅಮ್ಮ ಸಾಕಿದ್ದ ಜೇನಿನ ಸಂತತಿಯ ಪೆಟ್ಟಿಗೆಗಳು ಉಳಿದಿದ್ದದ್ದೇ ಎರಡು. ಅದರಲ್ಲಿ ಒಂದು, ಬೆಟ್ಟದ ತಿರುವಿನಲ್ಲಿ ಮುಗಿದಿತ್ತು. ಇನ್ನು ಉಳಿದದ್ದು ಒಂದು.

"ನಾಳೆ ಇದನ್ನೂ ಮುರಿದ್ರೆ," ಅಂದಳು ಜೇನಕ್ಕ, ಪೆಟ್ಟಿಗೆಯ ಬಾಯಿಗೆ ಬಲೆ ಬಿಗಿಯುತ್ತಾ, "ನಾನು ಜೇನು ಸಾಕೋದೇ ಬಿಡ್ತೀನಿ. ಅಮ್ಮನ ಕೈಯಿಂದ ಬಂದದ್ದು ನನ್ನ ಕೈಯಲ್ಲಿ ಮುಗೀತು ಅಂತ ಆಗುತ್ತೆ."

ಗೇರಣ್ಣ ಬಾಗಿಲ ಬಳಿ ನಿಂತು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಎದೆಯೊಳಗೆ ಏನೋ ಚುಚ್ಚಿತು, ಬಾಯಿಗೆ ಮಾತ್ರ ಬೇರೆಯದೇ ಬಂತು. "ನನ್ನ ತಪ್ಪೇನೇ? ಆ ಗಾಡಿಗೆ ಗೇರು ಬದಲಿಸೋಕೇ ಬರಲ್ಲ. ಧಡ್ ಅನ್ನುತ್ತೆ, ದಢಾರ್ ಅನ್ನುತ್ತೆ. ಮಾರಿಬಿಡೋಣ."

"ಗಾಡಿ ಮಾರೋದಾದ್ರೆ ಡ್ರೈವರನ್ನೂ ಜೊತೆಗೇ ಕೊಡ್ತೀರಾ ಭಾವ?" ಅನ್ನುತ್ತಾ ಒಳಗೆ ಬಂದವಳು ನಾದಿನಿ, ಜೇನಕ್ಕನ ತಂಗಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ನಾಲಿಗೆಯಲ್ಲಿ ಬ್ರೇಕ್ ಇಲ್ಲದವಳು. ಯಾರ ದನಿ ಕೇಳಿದರೂ ಮರುಕ್ಷಣ ಹಾಗೇ ಮಾತಾಡಿ ತೋರಿಸುವುದು ಅವಳಿಗೆ ಚಿಕ್ಕಂದಿನ ಚಟ. ಶಾಲೆಗೆ ಹೋಗುತ್ತಿದ್ದದ್ದು ಭಾವನ ಬಸ್ಸಿನಲ್ಲೇ.

ಕೈಯಲ್ಲಿ ಒಂದು ಪುಟ್ಟ ಬಾಟಲಿ ಹಿಡಿದಿದ್ದಳು. ಒಳಗೆ ಕಪ್ಪಗೆ, ಹಳೆ ಕಷಾಯದಂಥದ್ದು. "ಮೂಸಿ ನೋಡಿ."

ಗೇರಣ್ಣ ಮೂಗು ಸಿಂಡರಿಸಿದ. "ಸುಟ್ಟ ವಾಸನೆ."

"ನಿಮ್ಮ ಗೇರ್‌ಬಾಕ್ಸಿನ ಆಯಿಲ್ಲು. ಮಧ್ಯಾಹ್ನ ಗ್ಯಾರೇಜಿಗೆ ತಗೊಂಡು ಹೋಗಿದ್ದೆನಲ್ಲ, ಬದಲಾಯಿಸಿಕೊಂಡು ಬಂದೆ. ಯಾವತ್ತಾದ್ರೂ ಬದಲಾಯಿಸಿದ್ರಾ?"

"ಆಯಿಲ್ ತಪ್ಪದೆ ಹಾಕಿಸ್ತೀನಲ್ಲ!"

"ಅದು ಎಂಜಿನ್ ಆಯಿಲ್. ಇದು ಗೇರ್‌ಬಾಕ್ಸಿಂದು, ಬೇರೇನೇ."

"ಆಟೋಮ್ಯಾಟಿಕ್ ಅಂದ್ಮೇಲೆ ಅದನ್ನೂ ಅದೇ ಹಾಕ್ಕೊಳ್ಳಲಿ!"

ನಾದಿನಿ ನಗಲಿಲ್ಲ. "ಭಾವ, ಆಯಿಲ್ ಬದಲಾಯಿಸಿದ್ರೆ ಅರ್ಧ ಕೆಲಸ ಆಯ್ತು. ಇನ್ನರ್ಧ ನಿಮ್ಮ ಕೈಕಾಲಿಂದು. ನಾನು ಹೇಳಿಕೊಡ್ಲಾ?"

"ನೀನು ಲಂಗ ಹಾಕ್ಕೊಂಡು ಶಾಲೆಗೆ ಹೋಗೋವಾಗಲೇ ನಾನು ಬೆಟ್ಟದ ಮೇಲೆ ಬಸ್ ತಿರುಗಿಸ್ತಿದ್ದೆ ಕಣಮ್ಮ. ನನಗೆ ಹೇಳೋ ಯೋಗ್ಯತೆ ಇದ್ದದ್ದು ಒಬ್ಬನಿಗೇ. ನಮ್ಮ ಕಂಡಕ್ಟರಿಗೆ. ಅವನು ಹೋಲ್ಡಾನ್ ಅಂದ್ರೆ ನಿಲ್ಲಿಸ್ತಿದ್ದೆ, ರೈಟ್ ಅಂದ್ರೆ ಹೊರಡ್ತಿದ್ದೆ. ಅವನು ಮಂಡಿ ನೋವು ಅಂತ ಮಗಳ ಊರು ಸೇರಿದ. ಇನ್ಯಾರ ಮಾತೂ ಈ ಕಿವಿಗೆ ಇಳಿಯಲ್ಲ."

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಗೇರಣ್ಣ ಗಮನಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮರುದಿನ ಬೆಳಕು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬೀದಿಯ ತುಂಬ ಮಂಜು. ದೀಪದ ಕಂಬಗಳು ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತಿದ್ದವು. ಹಿಂದಿನ ಸೀಟಿನಲ್ಲಿ ಅಮ್ಮನ ಪೆಟ್ಟಿಗೆ, ಅದರ ಪಕ್ಕ ನಾದಿನಿ. ಜೇನು ಹಿಡಿಯುವವರ ಬಲೆಯ ಟೋಪಿ ಹಾಕಿಕೊಂಡು, ಮುಖವೇ ಕಾಣದ ಹಾಗೆ ಒರಗಿ ಆಗಲೇ ಗೊರಕೆ ಶುರು ಮಾಡಿದ್ದಳು. ಮುಂದಿನ ಸೀಟಿನಲ್ಲಿ ಜೇನಕ್ಕ ಶಾಲು ಹೊದ್ದು ತೂಕಡಿಸುತ್ತಿದ್ದಳು. ಪೆಟ್ಟಿಗೆಯೊಳಗಿಂದ ಸಣ್ಣ ಗುಂಯ್‌ಗುಡುವಿಕೆ, ನಿದ್ದೆಯಲ್ಲಿ ಯಾರೋ ಶ್ರುತಿ ಹಿಡಿದ ಹಾಗೆ.

ಗೇರಣ್ಣನಿಗೂ ರೆಪ್ಪೆಯ ಮೇಲೆ ಕನಸಿನ ಚೂರು ಇನ್ನೂ ಅಂಟಿಕೊಂಡಿತ್ತು. ಗಾಡಿ ಸ್ಟಾರ್ಟ್ ಮಾಡಿದವನೇ ಆಕ್ಸಿಲರೇಟರ್ ಒತ್ತಲು ಪಾದ ಎತ್ತಿದ.

"ಹೋಲ್ಡಾ...ನ್!"

ಪಾದ ಗಾಳಿಯಲ್ಲೇ ನಿಂತಿತು. ಆ ಮೂಗಿನ ದನಿ, ಕೊನೆಗೆ ರಾಗ ಎಳೆಯುವ ದನಿ! ಕಂಡಕ್ಟರ್! ಸುತ್ತ ನೋಡಿದ. ಹೆಂಡತಿ ನಿದ್ದೆ. ನಾದಿನಿ ಗೊರಕೆ. ಹೊರಗೆ ಬರೀ ಮಂಜು.

"ಯಾ... ಯಾರು?"

"ಗೇರ್‌ಬಾಕ್ಸು ಕಣೋ ಗೇರಣ್ಣ. ನಿನ್ನ ಮೊಣಕೈ ಕೆಳಗೇ ಇದ್ದೀನಲ್ಲ. ಎದ್ದ ತಕ್ಷಣ ಓಡು ಅಂದ್ರೆ ನೀನು ಓಡ್ತೀಯಾ? ಸ್ವಲ್ಪ ಇರು. ಆಯಿಲ್ ಒಳಗೆಲ್ಲ ಹರೀಲಿ. ಹೊರಟ ಮೇಲೂ ಮೈ ಬಿಸಿಯಾಗೋ ತನಕ ಮೆಲ್ಲಗೆ ಹೋಗು."

ಗೇರಣ್ಣ ಕೈಯನ್ನು ಚಿವುಟಿಕೊಂಡ. ನೋವಾಯಿತು. ನೋವಾಗುವ ಕನಸುಗಳೂ ಇರುತ್ತವೆ ಅಂದುಕೊಂಡು ಸುಮ್ಮನೆ ಕಾದ. ಆಮೇಲೆ ಕೋಲನ್ನು ಆರ್‌ಗೆ, ರಿವರ್ಸಿಗೆ ಹಾಕಿ ಅಂಗಳದಿಂದ ಹಿಂದಕ್ಕೆ ಇಳಿಸಿದ. ಗಾಡಿ ಇನ್ನೂ ಹಿಂದಕ್ಕೆ ಉರುಳುತ್ತಿರುವಾಗಲೇ ಕೈ ಅಭ್ಯಾಸಬಲದಿಂದ ಮುಂದಕ್ಕೆ ಓಡಿಸುವ ಡಿ ಕಡೆಗೆ ಹೋಯಿತು.

"ಹೋಲ್ಡಾನ್! ಹಿಂದಕ್ಕೆ ಓಡೋನನ್ನ ಹಿಡಿದು ಮುಂದಕ್ಕೆ ಎಳೆದ್ರೆ ಅವನ ಸೊಂಟ ಏನಾಗುತ್ತೆ? ಅದೇ ಧಡ್ ಅನ್ನೋದು. ಪೂರ್ತಿ ನಿಲ್ಲಿಸು. ಬ್ರೇಕ್ ಮೇಲೆ ಕಾಲಿರಲಿ. ಹಾಂ, ಈಗ ಹಾಕು. ರೈಟ್!"

ಧಡ್ ಅನ್ನಲಿಲ್ಲ. ಗೇರಣ್ಣನೇ ಬೆರಗಾದ. ಗಾಡಿ ನೀರಿಗಿಳಿದ ದೋಣಿಯ ಹಾಗೆ ಬೀದಿಗೆ ಇಳಿಯಿತು.

"ಎಡಗಾಲು ಎಲ್ಲಿದೆ?" ಕೇಳಿತು ಗೇರ್‌ಬಾಕ್ಸು.

"ಇಲ್ಲೇ..."

"ಅದನ್ನ ಪಕ್ಕಕ್ಕೆ ಮಲಗಿಸು. ಅದಕ್ಕೆ ರಜೆ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ."

ಊರು ಹಿಂದಾಯಿತು. ರಸ್ತೆ ಮೇಲಕ್ಕೆ ಏರತೊಡಗಿತು. ಏರು ಕಂಡರೆ ಗೇರಣ್ಣನ ಕಾಲಿಗೆ ರೋಷ, ನೆಲ ಮುಟ್ಟುವ ತನಕ ಒತ್ತುವುದೇ. ಎಂಜಿನ್ ಒಮ್ಮೆ ಕಿರುಚಿತು. ಪೆಟ್ಟಿಗೆಯೊಳಗಿನ ಶ್ರುತಿ ತುಸು ಏರಿತು.

"ಮೆಲ್ಲಗೆ ಗುರು, ಮೆಲ್ಲಗೆ. ಡೀಸೆಲ್ಲಿಗೆ ಬಲ ಇರೋದು ಎಂಜಿನ್ ಮೆಲ್ಲಗೆ ಸುತ್ತೋವಾಗಲೇ. ಕಿರುಚಿಸಿದಷ್ಟೂ ಜೋರಾಗಿ ಹೋಗುತ್ತೆ ಅಂದ್ಕೊಂಡಿದ್ದೀಯಾ? ಹದವಾಗಿ ಒತ್ತಿ ಹಿಡಿದುಕೋ. ಯಾವ ಗೇರು ಬೇಕು ಅಂತ ನಾನು ನೋಡ್ಕೋತೀನಿ. ಮುಂದಿನ ಗಾಡಿ ದಾಟೋಕೆ ಬೇಕಾದಾಗ ಮಾತ್ರ ಜೋರು."

ಕಾಲು ಸಡಿಲಿಸಿದ. ಎಂಜಿನ್ ಗೊಣಗಾಟ ಬಿಟ್ಟು ಗುನುಗತೊಡಗಿತು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋದದ್ದು ಕೇಳಿಸಲೇ ಇಲ್ಲ, ನಿದ್ದೆಯಲ್ಲಿ ಮಗು ಮಗ್ಗಲು ಬದಲಿಸಿದ ಹಾಗೆ ಮೈಗೆ ತಿಳಿಯಿತು, ಅಷ್ಟೇ. ಕಿಟಕಿಯಾಚೆ ಮರಗಳು ಒಂದೊಂದಾಗಿ ಮಂಜಿನಿಂದ ಹೊರಬಂದು, ನೋಡಿ, ಮತ್ತೆ ಒಳಗೆ ಹೋಗುತ್ತಿದ್ದವು. ಎಂಜಿನ್ನಿನ ಗುನುಗು ಯಾವುದು, ಜೇನಿನ ಗುನುಗು ಯಾವುದು, ಗೇರಣ್ಣನಿಗೆ ಬೇರೆ ಮಾಡಲಾಗಲಿಲ್ಲ. ತಾನು ಗಾಡಿ ಓಡಿಸುತ್ತಿಲ್ಲ, ಒಂದು ದೊಡ್ಡ ಜೇನುನೊಣದ ಬೆನ್ನೇರಿ ಹೋಗುತ್ತಿದ್ದೇನೆ ಅನ್ನಿಸಿತು.

ತಿರುವಿನಲ್ಲಿ ಒಂದು ಲಾರಿ ಹಿಂದೆ ಮುಂದೆ ಮಾಡಿಕೊಂಡು ತಿರುಗುತ್ತಿತ್ತು. ಹೋದ ಸಲ ಎರಿ ಮುರಿದದ್ದು ಇದೇ ತಿರುವು. ಗೇರಣ್ಣ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಿರಲಿ ಎಂದು ಆಕ್ಸಿಲರೇಟರನ್ನೇ ಅರೆಬರೆ ಒತ್ತಿ ನಿಲ್ಲಿಸಿಕೊಂಡ.

"ಬಸ್ಸಿನ ಹಾಫ್ ಕ್ಲಚ್ ಬುದ್ಧಿ ಬಿಡಲಿಲ್ಲ ನೋಡು!" ದನಿ ಈಗ ಪಿಸುಗುಟ್ಟಿತು. "ಇಲ್ಲಿ ಹಾಗೆ ನಿಲ್ಲಿಸಿದ್ರೆ ಒಳಗೆ ಆಯಿಲ್ ಕುದಿಯುತ್ತೆ. ಬಾಟಲಿಯಲ್ಲಿ ಮೂಸಿದೆಯಲ್ಲ, ಆ ವಾಸನೆ ಹೀಗೇ ಬಂದದ್ದು. ಬ್ರೇಕ್ ಹಿಡಿ. ಹೆದರಬೇಡ, ನಾನಿದ್ದೀನಿ."

ಆ ಕೊನೆಯ ಮಾತು ಕಂಡಕ್ಟರನದೇ. ಮಂಜಿನ ತಿರುವುಗಳಲ್ಲಿ ಹಿಂದಿನ ಬಾಗಿಲಿನಿಂದ ಅವನು ಹಾಗೇ ಕೂಗುತ್ತಿದ್ದ. ಗೇರಣ್ಣನ ಕಣ್ಣು ಮಂಜಾಯಿತು. ಹೊರಗಿನ ಮಂಜಲ್ಲ. ಬ್ರೇಕ್ ಒತ್ತಿ ಹಿಡಿದು ಮೆಲ್ಲಗೆ ಕೇಳಿದ, "ಮಂಡಿ ನೋವು ಹೇಗಿದೆಯೋ ನಿಂಗೆ?"

ಗೇರ್‌ಬಾಕ್ಸು ಒಂದು ಗಳಿಗೆ ತಬ್ಬಿಬ್ಬಾಯಿತು. "ಮಂಡಿ... ಮಂಡಿ ಇಲ್ಲ ನಂಗೆ. ಹಲ್ಲಿದೆ. ಎಲ್ಲಾ ಗಟ್ಟಿಯಾಗಿದೆ."

ಜೇನಕ್ಕ ನಿದ್ದೆಯಲ್ಲೇ ಕೆಮ್ಮಿ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು.

ಲಾರಿ ಹೋಯಿತು. ಗಾಡಿ ಹಿಂದಕ್ಕೂ ಜಾರದೆ, ಮುಂದಕ್ಕೂ ಜಗ್ಗದೆ ತಿರುವು ದಾಟಿತು. ಮುಂದೆ ಹಳ್ಳದ ಕಡೆಗೆ ಒಂದು ಉದ್ದ ಇಳಿಜಾರು. ಇಳಿಜಾರು ಸಿಕ್ಕಿದರೆ ಕೋಲನ್ನು ಎನ್‌ಗೆ, ನ್ಯೂಟ್ರಲ್ಲಿಗೆ ತಳ್ಳಿ ಉರುಳಿಸಿಕೊಂಡು ಹೋಗುವುದು ಗೇರಣ್ಣನ ಡೀಸೆಲ್ ಉಳಿತಾಯ. ಈ ಸಲ ಕೈ ಹೊರಟದ್ದು ಅರ್ಧದಲ್ಲೇ ನಿಂತು, ಒಪ್ಪಿಗೆ ಕೇಳುವ ಹಾಗೆ ಕಾಯಿತು.

"ಬೇಡ. ಡಿಯಲ್ಲೇ ಇರಲಿ. ನ್ಯೂಟ್ರಲ್ಲಿಗೆ ಹಾಕಿದ್ರೆ ಗಾಡಿ ಹಿಡಿತ ತಪ್ಪುತ್ತೆ, ಉಳಿತಾಯವೂ ಸುಳ್ಳು. ಡಿಯಲ್ಲಿ ಕಾಲು ತೆಗೆದ್ರೆ ಎಂಜಿನ್ ತಾನೇ ಡೀಸೆಲ್ ಕುಡಿಯೋದು ನಿಲ್ಲಿಸುತ್ತೆ. ಇಳಿಜಾರು ಕಡಿದಾಗಿದ್ರೆ ಕೋಲನ್ನ ಪಕ್ಕಕ್ಕೆ ಸರಿಸಿ ಕೆಳಗಿನ ಗೇರ್ ಹಿಡಿ. ಬ್ರೇಕಿಗೂ ಸುಸ್ತಾಗಲ್ಲ."

ಹಳ್ಳ ದಾಟಿ ಮತ್ತೆ ಏರಿ ಬೆಟ್ಟದ ತಲೆ ಮುಟ್ಟಿದಾಗ ಬೆಳಕು ಬಂದಿತ್ತು. ಮಂಜಿನ ಕೆಳಗಿಂದ ಹೂವುಗಳು ಒಂದೊಂದೇ ಬಣ್ಣವನ್ನು ಹೊರಗೆ ತೆಗೆಯುತ್ತಿದ್ದವು. ಜಾಗ ಸ್ವಲ್ಪ ಇಳುಕಲು. ಗೇರಣ್ಣ ಗಾಡಿ ನಿಲ್ಲಿಸಿ, ಈಗ ತಾನಾಗಿಯೇ ಕೇಳಿದ, "ಪಿಗೆ, ಪಾರ್ಕಿಂಗಿಗೆ ಹಾಕ್ಲಾ?"

"ಮೊದಲು ಹ್ಯಾಂಡ್‌ಬ್ರೇಕು. ಗಾಡಿಯ ಭಾರ ಅದರ ಮೇಲೆ ಕೂರಲಿ. ಆಮೇಲೆ ಪಿ. ಇಲ್ಲಾಂದ್ರೆ ಇಡೀ ಗಾಡಿ ನನ್ನೊಳಗಿನ ಒಂದು ಸಣ್ಣ ಕೊಂಡಿ ಮೇಲೆ ಜೋತುಬೀಳುತ್ತೆ."

ಹಾಗೇ ಮಾಡಿದ. ಎಂಜಿನ್ ನಿಂತಿತು. ಜೇನಿನ ಗುನುಗು ಒಂದೇ ಉಳಿಯಿತು.

ಜೇನಕ್ಕ ಇಳಿದು, ಮಗುವನ್ನು ಎತ್ತಿಕೊಂಡ ಹಾಗೆ ಪೆಟ್ಟಿಗೆ ಎತ್ತಿ ಕಲ್ಲಿನ ಮೇಲಿಟ್ಟಳು. ಮೆಲ್ಲಗೆ ಮುಚ್ಚಳ ತೆಗೆದಳು. ಗೇರಣ್ಣ ಕಣ್ಣು ಮುಚ್ಚಿಕೊಂಡ.

"ರೀ..."

"ಹೇಳ್ಬೇಡ."

"ಬನ್ರೀ, ನೋಡಿ. ಒಂದು ಎರಿಯೂ ಬಿರುಕು ಬಿಟ್ಟಿಲ್ಲ. ರಾಣಿ ಇಲ್ಲೇ ಇದ್ದಾಳೆ. ಆರಾಮಾಗಿ ಓಡಾಡ್ತಿದ್ದಾಳೆ."

ಗೇರಣ್ಣ ಬಂದು ನೋಡಿದ. ಬಹಳ ಹೊತ್ತು ನೋಡಿದ. ಜೇನಕ್ಕ ಮುಚ್ಚಳ ಹಾಕಿದ ಮೇಲೆ ಅವಳ ಕಿವಿಯ ಬಳಿ ಬಗ್ಗಿ ಹೇಳಿದ, "ನಗಬೇಡ ಕಣೇ. ನನ್ನ ಜೊತೆ ಗೇರ್‌ಬಾಕ್ಸು ಮಾತಾಡ್ತು. ಅದೂ ನಮ್ಮ ಕಂಡಕ್ಟರ್ ದನಿಯಲ್ಲಿ. ದಾರಿಯುದ್ದಕ್ಕೂ."

"ಲಾಸ್ಟ್ ಸ್ಟಾಪ್! ಇಳೀರಿ ಇಳೀರಿ, ಚಿಲ್ರೆ ಆಮೇಲೆ ಕೊಡ್ತೀನಿ!"

ಗೇರಣ್ಣ ತಿರುಗಿದ. ಕಾರಿನ ಬಾಗಿಲಲ್ಲಿ ನಾದಿನಿ, ಕೈಯಲ್ಲಿ ಬಲೆಯ ಟೋಪಿ, ಮೂಗಿನಲ್ಲಿ ಕಂಡಕ್ಟರ್.

ಅವನ ಮುಖದಿಂದ ಬಣ್ಣ ಇಳಿಯಿತು. ನಾದಿನಿಯ ನಗು ತುಟಿಯಲ್ಲೇ ಒಣಗಿತು. "ಭಾವ, ಬೇಜಾರು ಮಾಡ್ಕೋಬೇಡಿ. ನನ್ನ ಬಾಯಲ್ಲಿ ಹೇಳಿದ್ರೆ ನೀವು ಕೇಳ್ತಿರಲಿಲ್ಲ, ಅದಕ್ಕೇ... ಅಕ್ಕನೂ ಒಪ್ಪಿದ್ಲು."

"ಅಂದ್ರೆ," ಅಂದ ಗೇರಣ್ಣ, ಒಂದೊಂದೇ ಮಾತು ಹುಡುಕಿಕೊಂಡು, "ಅಂದ್ರೆ ನಾನು... ಗೇರ್‌ಬಾಕ್ಸಿಗೆ... ಮಂಡಿ ನೋವು ಹೇಗಿದೆ ಅಂತ ಕೇಳಿದೆನಾ?"

ಮೊದಲು ಅವನ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಆಮೇಲೆ ಹೊರಟಿತು ನೋಡಿ ನಗು! ಹಳೆ ಬಸ್ಸು ಏರಿನಲ್ಲಿ ಮೊದಲ ಗೇರಿಗೆ ಬಂದ ಹಾಗೆ, ಕರಕರ, ಗುಡುಗುಡು, ಇಡೀ ಬೆಟ್ಟಕ್ಕೆ ಕೇಳುವ ಹಾಗೆ.

ಈಗ ನಿಮಗೆ ಎರಡು ಮಾತು. ನಿಮ್ಮ ಗಾಡಿಯಲ್ಲಿ ಮಿಮಿಕ್ರಿ ಮಾಡುವ ನಾದಿನಿ ಕೂತಿರುವುದಿಲ್ಲ. ಗೇರ್‌ಬಾಕ್ಸು ಜಗ್ಗಿದರೆ, ಧಡ್ ಅಂದರೆ, ತಡಮಾಡಿ ಗೇರ್ ಹಿಡಿದರೆ, ಅದೇ ಅದರ ಮಾತು. ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ಇವತ್ತೇ ತೆರೆಯಿರಿ. ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಬೇಕು, ಯಾವ ಜಾತಿಯ ಆಯಿಲ್ ಹಾಕಬೇಕು ಎಂದು ನೋಡಿ, ಯಾಕೆಂದರೆ ಒಂದೊಂದು ಗಾಡಿಗೆ ಒಂದೊಂದು. ಅದರಲ್ಲಿ ಸಿಗದಿದ್ದರೆ ತಿಳಿದವರನ್ನು ಕೇಳಿ. ಆರ್‌ನಿಂದ ಡಿಗೆ ಹೋಗುವಾಗ ಪೂರ್ತಿ ನಿಲ್ಲಿಸಿ ಆಮೇಲೆ ಗೇರ್ ಬದಲಿಸಿ, ಏರಿನಲ್ಲಿ ಬ್ರೇಕ್ ಹಿಡಿದು ನಿಲ್ಲಿಸಿ, ಕಾಲನ್ನು ಹಗುರ ಇಟ್ಟುಕೊಳ್ಳಿ. ಹಿಂದಿನ ಸೀಟಿನಲ್ಲಿ ಯಾರದೋ ನಿದ್ದೆ ಇರುತ್ತದೆ, ಯಾರದೋ ಅಮ್ಮನ ಪೆಟ್ಟಿಗೆ ಇರುತ್ತದೆ.

ಹಾಂ, ಬೆಟ್ಟದ ಮೇಲೆ ಆಮೇಲೇನಾಯಿತು ಅಂದಿರಾ? ದಾರಿಯುದ್ದಕ್ಕೂ ಗೇರ್‌ಬಾಕ್ಸು ಎಬ್ಬಿಸದ ಜೇನನ್ನು ಗೇರಣ್ಣನ ನಗು ಎಬ್ಬಿಸಿಬಿಟ್ಟಿತು. ಬಲೆ ಸಡಿಲಾಗಿದ್ದ ಮೂಲೆಯಿಂದ ನಾಲ್ಕು ನೊಣ ಹೊರಬಂದವು. ಟೋಪಿ ಕೈಯಲ್ಲಿದ್ದ ನಾದಿನಿ ಹೂವಿನ ನಡುವೆ ಓಟ, ಅವಳ ಹಿಂದೆ ಶಾಲು ಬೀಸುತ್ತಾ ಜೇನಕ್ಕ, ಎಲ್ಲರಿಗಿಂತ ಹಿಂದೆ ಹೊಟ್ಟೆ ಹಿಡಿದುಕೊಂಡು, "ಹೋಲ್ಡಾನ್! ಹೋಲ್ಡಾನ್!" ಅಂತ ಕೂಗುತ್ತಾ ಗೇರಣ್ಣ. ಮೂಗಿನ ತುದಿಗೆ ಕುಟುಕಿಸಿಕೊಂಡದ್ದೂ ಅವನೇ, ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ.