ಬರಿ ಒರಳು

ಒರಳಿನಲ್ಲಿ ಗುಂಡುಕಲ್ಲು ತಿರುಗುತ್ತಿದ್ದಾಗ ಮಾತ್ರ ನನ್ನ ಮಗಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದಳು.

ಕುಮುದಾಗೆ ಆಗ ಒಂಬತ್ತು ವರ್ಷ. ಮಾತು ತೊದಲುತ್ತಿತ್ತು. ತನ್ನ ಹೆಸರಿನ ಮೊದಲ ಅಕ್ಷರವನ್ನೇ ದಾಟಲಾಗದೆ ನಿಂತುಬಿಡುತ್ತಿದ್ದಳು. ಅವಳು ಬರುವುದನ್ನು ಕಂಡರೆ ಶಾಲೆಯ ಮಕ್ಕಳು "ಕೂ ಕೂ" ಎಂದು ಕೋಗಿಲೆಯಂತೆ ಕೂಗುತ್ತಿದ್ದರು. ಶಾಲೆಯಲ್ಲಿ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಸಂಜೆ ನಾನು ದೋಸೆಗೆ ರುಬ್ಬಲು ಕೂತರೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಶುರುಮಾಡುವಳು. ಆಗಲೂ ತೊದಲುತ್ತಿದ್ದಳು, ಆದರೆ ಕಲ್ಲಿನ ಸದ್ದು ಅದನ್ನು ಮುಚ್ಚಿಕೊಳ್ಳುತ್ತದೆ ಎಂಬ ಧೈರ್ಯವಿತ್ತು. ಮಾತು ಸಿಕ್ಕಿಕೊಂಡಾಗ ನಾನು ಉಳಿದ ಅಕ್ಷರ ಹೇಳಿಕೊಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿರಲಿಲ್ಲ, ಕಲ್ಲನ್ನೂ ನಿಲ್ಲಿಸುತ್ತಿರಲಿಲ್ಲ. ಹಿಟ್ಟು ನುಣ್ಣಗಾದ ಮೇಲೂ ಅವಳ ಕತೆ ಮುಗಿಯುವ ತನಕ ತಿರುಗಿಸುತ್ತಿದ್ದೆ.

"ಏನೇ ಅದು, ಹಿಟ್ಟು ರುಬ್ತಿದೀಯೋ ಗಂಧ ತೇಯ್ತಿದೀಯೋ?" ಎಂದು ಅತ್ತೆ ನಡುಮನೆಯಿಂದ ಕೇಳುತ್ತಿದ್ದರು.

ಆ ವರ್ಷ ನಮ್ಮ ಊರಿಗೆ ಬೇರೆ ಬೇರೆ ದೇಶಗಳ ಕಲಾವಿದರು ಬಂದರು. ಕಂಪ್ಯೂಟರಿನಲ್ಲಿ ಮಾಡುವ ಕಲೆಯನ್ನು ಬೀದಿಗೆ ತರುವವರು. ಎರಡು ತಿಂಗಳು ಊರಲ್ಲೇ ಇದ್ದು, ಊರಿನಿಂದಲೇ ಏನನ್ನಾದರೂ ಮಾಡಿ ಊರಿಗೆ ತೋರಿಸಬೇಕು. ಅದಕ್ಕೆ ರೆಸಿಡೆನ್ಸಿ ಎಂದು ಹೆಸರು. ಊರಿನವರ ಬಾಯಲ್ಲಿ ಅವರು "ಲೈಟಿನವರು" ಆದರು. ಅವರಲ್ಲೊಬ್ಬ ಮಾರುಕಟ್ಟೆಯ ಗೋಡೆಯ ಮೇಲೆ ಬೆಳಕಿನ ಮೀನುಗಳನ್ನು ಈಜಲು ಬಿಟ್ಟ. ಬೀದಿಯ ಬೆಕ್ಕುಗಳು ಗೋಡೆಗೆ ಹಾರಿ ಹಾರಿ ಬಿದ್ದವು.

ನಮ್ಮ ಮಹಡಿಯ ಕೋಣೆಯಲ್ಲಿ ಇಳಿದವಳು ಮೇದಿನಿ. ದೂರದೇಶದಲ್ಲಿ ನೆಲೆಸಿದ್ದರೂ ನಮ್ಮ ಮಾತಿನವಳು. ಬಂದ ವಾರದಲ್ಲೇ ನನ್ನನ್ನು ಅಕ್ಕ ಎನ್ನತೊಡಗಿದಳು, ಹಿತ್ತಲಿನಲ್ಲಿ ನನ್ನ ಕೈಯಿಂದ ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಕುಮುದಾ ಮಾತಿನ ನಡುವೆ ನಿಂತರೆ ಅವಳೂ ಸುಮ್ಮನೆ ಕಾಯುತ್ತಿದ್ದಳು. ನನ್ನನ್ನು ಬಿಟ್ಟರೆ ಹಾಗೆ ಕಾದವರನ್ನು ನಾನು ಕಂಡಿರಲಿಲ್ಲ. ಅವಳನ್ನು ನಂಬಲು ನನಗೆ ಅಷ್ಟು ಸಾಕಾಯಿತು.

ಒಂದು ಮಧ್ಯಾಹ್ನ ಅಡಿಗೆಮನೆಗೆ ಬಂದು ಒರಳಿನ ಅಂಚನ್ನು ಸವರುತ್ತ ನಿಂತಳು. "ಅಕ್ಕಾ, ಇದರ ಸದ್ದು ಮೇಲೆ ನನ್ನ ಮಂಚದ ತನಕ ಬರುತ್ತೆ. ಅದನ್ನೇ ರೆಕಾರ್ಡ್ ಮಾಡ್ಕೊಳ್ತೀನಿ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಒಳಗೆ ಸ್ಪೀಕರ್ ಇಡೋದು. ಯಾರಾದ್ರೂ ಕೂತ್ರೆ ಒರಳು ತಿರುಗುತ್ತೆ, ಎದ್ರೆ ನಿಲ್ಲುತ್ತೆ. ಈಗ್ಲೇ ಒಂಚೂರು ತಿರುಗಿಸಿ."

"ಬರಿ ಒರಳಾ? ಅಯ್ಯೋ, ಬರಿ ಒರಳು ತಿರುಗಿಸಬಾರದು ಕಣೇ. ಮನೆಗೆ ಒಳ್ಳೇದಲ್ಲ."

"ಎರಡೇ ಸುತ್ತು."

"ತಿರುಗಿಸ್ತೀಯೇನೇ!" ಎಂದರು ನಡುಮನೆಯಿಂದ ಅತ್ತೆ. ಅವರಿಗೆ ಬೇರೆಲ್ಲ ಮಂದವಾಗಿ ಕೇಳಿದರೂ ಇಂಥದ್ದು ಚೆನ್ನಾಗಿ ಕೇಳುತ್ತಿತ್ತು.

ಹಾಗಾಗಿ ರುಬ್ಬುವ ಹೊತ್ತಿಗೇ ಅವಳು ಯಂತ್ರ ತಂದಿಡಬೇಕಾಯಿತು. ಆ ಹೊತ್ತು ಕುಮುದಾಳ ಹೊತ್ತು ಎಂದು ನಾನು ಅವಳಿಗೆ ಮೊದಲೇ ಹೇಳಿದೆ. "ಅವಳ ಮಾತು ಬೇಡ ಮೇದಿನಿ. ಅದು ನಮ್ಮಿಬ್ಬರದು."

ಅವಳು ನನ್ನ ಹಿಟ್ಟಿನ ಕೈ ಹಿಡಿದುಕೊಂಡಳು. "ಕಲ್ಲಿನ ಸದ್ದು ಮಾತ್ರ ಅಕ್ಕಾ. ನಿಮ್ಮಾಣೆ."

ಪ್ರದರ್ಶನದ ದಿನ ಕುಮುದಾ ತಾನಾಗಿ ಹೊಸ ಲಂಗ ಉಟ್ಟು ನಿಂತಿದ್ದಳು. ಜನ ಸೇರುವ ಕಡೆ ನನ್ನ ಸೆರಗಿನ ಹಿಂದೆ ಅಡಗುವ ಹುಡುಗಿ ಅಂದು ನನ್ನ ಕೈ ಜಗ್ಗಿಕೊಂಡು ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಊರು ನೆರೆದಿತ್ತು. ಮೊದಲು ನಾನೇ ಕೂರಬೇಕೆಂದು ಮೇದಿನಿ ಕರೆದಳು. ಕೂತೆ. ಕಲ್ಲಿನೊಳಗೆ ನನ್ನ ಒರಳು ತಿರುಗತೊಡಗಿತು. ಹೆಂಗಸರು ನಕ್ಕರು. "ಇವಳ ಮನೇಲಿ ನಾಳೆ ದೋಸೆ ಕಣ್ರೇ!" ಎಂದರು ಯಾರೋ. ನನಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಆಮೇಲೆ ಆ ಸದ್ದಿನ ನಡುವಿನಿಂದ ನನ್ನ ಮಗಳ ದನಿ ಎದ್ದು ಬಂತು.

"ಅಮ್ಮಾ, ನ-ನ-ನಾನು ದೊ-ದೊಡ್ಡೋಳಾದ್ಮೇಲೆ ಬ-ಬ-ಬಸ್ ಕಂ-ಕಂಡಕ್ಟ್ರಾಗ್ತೀನಿ. ಎ-ಎಲ್ಲಾ ಊರಿನ ಹೆಸ್ರೂ ಕೂ-ಕೂ-ಕೂಗ್ತೀನಿ."

ಮೊದಲು ಒಬ್ಬ ನಕ್ಕ. ನಂತರ ಎಲ್ಲರೂ ನಕ್ಕರು. ಕೆಡುಕಿನ ನಗುವೇನಲ್ಲ; ಆದರೆ ಮಕ್ಕಳಿಗೆ ಅಷ್ಟೇ ಬೇಕಿತ್ತು. ನಾನು ಎದ್ದ ಕೂಡಲೇ ಶಾಲೆಯ ಹುಡುಗರು ಬೆಂಚಿಗೆ ಮುಗಿಬಿದ್ದರು. ಕೂರುವರು, ಕೇಳುವರು, ಎದ್ದು ಮತ್ತೆ ಕೂರುವರು. "ಕೂ-ಕೂ-ಕೂಗ್ತೀನಿ! ರೈಟ್, ರೈಟ್!" ಕುಮುದಾ ಅಳಲಿಲ್ಲ. ಮೇದಿನಿಯನ್ನೇ ನೋಡುತ್ತ ನಿಂತಿದ್ದಳು, ಇನ್ನೂ ಏನೋ ಬರಬೇಕಿದೆ ಎನ್ನುವ ಹಾಗೆ.

ಮೇದಿನಿಯ ಕಣ್ಣಲ್ಲಿ ನೀರಿತ್ತು. ಅವಳ ಜೊತೆಯ ವಿದೇಶದವರು ಎದೆಯ ಮೇಲೆ ಕೈಯಿಟ್ಟುಕೊಂಡು ನನಗೆ ತಲೆಬಾಗಿದರು.

"ಆಣೆ ಇಟ್ಟಿದ್ದೆ ನೀನು" ಎಂದೆ.

"ಅಕ್ಕಾ, ಕೇಳಿಸ್ಕೊಳ್ಳಿ. ಕಲ್ಲು ಒಂದೊಂದ್ಕಡೆ ತಡೆದು ತಡೆದು ತಿರುಗುತ್ತಲ್ಲ, ಅವಳ ಮಾತೂ ಹಾಗೇ. ಅದನ್ನ ತೆಗೆದ್ರೆ ಉಳಿಯೋದು ಬರೀ ಕಲ್ಲು."

"ನೀನು ನನ್ನ ಹತ್ರ ಕೇಳಿದ್ದು ಬರೀ ಕಲ್ಲೇ."

ಅವಳು ಕಣ್ಣೊರೆಸಿಕೊಂಡು, "ಕುಮುದಾನೇ ಒಪ್ಪಿದ್ಲು. ಬೇಕಾದ್ರೆ ಕೇಳಿ" ಎಂದಳು.

ದಾರಿಯುದ್ದಕ್ಕೂ ನಾನು ಕೇಳಲಿಲ್ಲ. ಮನೆಯಲ್ಲಿ ಲಂಗ ಬದಲಿಸುವಾಗ ಕುಮುದಾಳೇ ಹೇಳಿದಳು. ಬಹಳ ಹೊತ್ತು ಹಿಡಿಯಿತು. ಮೇದಿನಿ ಚಿಕ್ಕಮ್ಮ ಮಹಡಿಯ ಮೇಲೆ ಅವಳನ್ನು ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಅವಳ ದನಿ ಕೇಳಿಸಿದ್ದಳಂತೆ. ತೊದಲನ್ನೆಲ್ಲ ಕತ್ತರಿಸಿ, ಉಳಿದದ್ದನ್ನು ಜೋಡಿಸಿ, "ಕುಮುದಾ" ಎಂದು ನೆಟ್ಟಗೆ, ಒಂದೇ ಉಸಿರಿನಲ್ಲಿ ಹೇಳಿಸಿದ್ದಳಂತೆ.

"ಅ-ಅದು ನಾನೇ ಅಮ್ಮಾ. ನ-ನನ್ನ ಗಂಟ್ಲೇ. ಹಾ-ಹಾಗಿದ್ರೆ ಹಾಕು ಅಂದೆ. ಹಾ-ಹಾಗೇ ಹಾಕ್ತೀನಿ ಅಂದ್ಲು."

ನಾನು ಅಡಿಗೆಮನೆಗೆ ಬಂದು ಒಲೆಯ ಮುಂದೆ ನಿಂತೆ. ನನಗೆ ಕೊಟ್ಟ ಮಾತು ಮುರಿದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆ ಮಗು ಊರಿಗೆಲ್ಲ ತನ್ನ ನೆಟ್ಟಗಿನ ದನಿ ಕೇಳಿಸಲೆಂದು ಹೊಸ ಲಂಗ ಉಟ್ಟಿತ್ತು.

ಮಹಡಿ ಹತ್ತಿ, ಆ ನೆಟ್ಟಗಿನ "ಕುಮುದಾ" ಒಂದನ್ನಾದರೂ ಮಗುವಿಗೆ ಕೊಡು ಎಂದು ಕೇಳಿದೆ.

"ಅದು ಸುಮ್ನೆ ಆಟಕ್ಕೆ ಮಾಡಿದ್ದು ಅಕ್ಕಾ. ಅಳಿಸಿಬಿಟ್ಟೆ" ಎಂದಳು. "ಅದರಲ್ಲಿ ಸತ್ಯ ಇರಲಿಲ್ಲ."

ಬೆಂಚಿನ ದನಿ ನಿಲ್ಲಿಸಲು ಅವಳು ಒಪ್ಪಲಿಲ್ಲ. ಮರುದಿನ ನಾನೇ ಹೋಗಿ ಬಸ್‌ಸ್ಟ್ಯಾಂಡಿನ ಕಂಟ್ರೋಲರಿಗೆ ಹೇಳಿಕೊಂಡೆ. "ಪ್ಯಾಸೆಂಜರ್ ಕೂರೋಕೂ ಜಾಗ ಬಿಡ್ತಿಲ್ಲಮ್ಮ ಆ ಹುಡುಗ್ರು" ಎಂದು ಆತ ವೈರು ಕಿತ್ತ. ಅಷ್ಟರಲ್ಲಿ ಮಕ್ಕಳಿಗೆ ಅದು ಬಾಯಿಪಾಠವಾಗಿತ್ತು.

ಲೈಟಿನವರು ಹೋದರು. ಹೋಗುವಾಗ ಮೇದಿನಿ ಬಾಗಿಲಲ್ಲಿ "ಅಕ್ಕಾ" ಎಂದಳು. ನಾನು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

ಕುಮುದಾ ಒರಳಿನ ಬಳಿ ಬರುವುದನ್ನು ಬಿಟ್ಟಳು. ನಾನು ರುಬ್ಬಲು ಕೂತರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವಳು ಬರಲೆಂದು ಬೇಡದ ದಿನವೂ ಬೇಳೆ ನೆನೆಹಾಕಿದೆ, ಚಟ್ನಿಯನ್ನೂ ಒರಳಿನಲ್ಲೇ ರುಬ್ಬಿದೆ. ಅವಳ ಮಣೆ ಗೋಡೆಗೆ ಒರಗಿಯೇ ಇತ್ತು.

ಕೊನೆಗೊಂದು ಸಂಜೆ ರುಬ್ಬಲು ಏನೂ ಇರಲಿಲ್ಲ. ಮಣೆಯನ್ನು ತಂದು ಪಕ್ಕದಲ್ಲಿ ಹಾಕಿ, ಬರಿ ಒರಳನ್ನು ತಿರುಗಿಸತೊಡಗಿದೆ. ಹಿಟ್ಟಿಲ್ಲದ ಕಲ್ಲು ಕಲ್ಲನ್ನೇ ಕೊರೆಯಿತು. ಸದ್ದಿಗೆ ಹಲ್ಲು ಜುಮ್ಮೆಂದಿತು. ಅತ್ತೆ ಎದ್ದು ಬಂದರು. ಬೈಯಲೆಂದು ತೆರೆದ ಬಾಯಿ, ಮಣೆಯನ್ನು ನೋಡಿ ಮುಚ್ಚಿಕೊಂಡಿತು. ಹಾಗೇ ಹಿಂದಿರುಗಿದರು.

ಆಮೇಲೆ ಕುಮುದಾ ಹೊಸಿಲಿನ ಮೇಲೆ ಬಂದು ನಿಂತಳು.

"ಯಾ-ಯಾರೂ ಕೇಳ್ತಿಲ್ವಾ?"

"ಇಲ್ಲ ಕಂದಾ. ಯಾರೂ ಇಲ್ಲ."

ಅವಳು ನನ್ನ ಮುಖ ನೋಡಲಿಲ್ಲ. ತಲೆಯೆತ್ತಿ ಮೇದಿನಿ ಇದ್ದ ಮಹಡಿಯ ಕೋಣೆಯ ಕಡೆ ನೋಡಿದಳು. ಬಹಳ ಹೊತ್ತು ನೋಡುತ್ತಲೇ ನಿಂತಳು. ನಾನು ಕಲ್ಲು ನಿಲ್ಲಿಸಲಿಲ್ಲ.