ಕಂಪ್ಯೂಟರ್ ಕೋಣೆಯ ಹೊಸ್ತಿಲು

ಹೊಸಪೇಟೆಯ ಆ ಓಣಿಗೆ ಮೊದಲ ಕಂಪ್ಯೂಟರ್ ಬಂದದ್ದು ಮರುಳಸಿದ್ದಪ್ಪನವರ ಮನೆಗೆ. ಕಂಪ್ಲಿ ರಸ್ತೆಯಲ್ಲಿ ಅವರ ಅಕ್ಕಿ ಗಿರಣಿ. ಕಾಲುವೆ ನೀರಿನ ಪುಣ್ಯದಿಂದ ವರ್ಷವಿಡೀ ಭತ್ತದ ಗಾಡಿಗಳು ಸಾಲುಗಟ್ಟುತ್ತಿದ್ದವು. ಅವರ ಹೆಂಡತಿ ಚೆನ್ನಬಸಮ್ಮ ಯಂತ್ರಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಜರಿ ಅಂಚಿನ ಹೊದಿಕೆ ಹೊಲಿಸಿದ್ದರು. ಕೈಕಾಲು ತೊಳೆಯದೆ ಆ ಕೋಣೆಗೆ ಯಾರೂ ಹೋಗುವಂತಿರಲಿಲ್ಲ.

ನಿಜ ಹೇಳಬೇಕೆಂದರೆ ಆ ಯಂತ್ರ ನಡೆಸಲು ಚೆನ್ನಾಗಿ ಬರುತ್ತಿದ್ದದ್ದು ಸೊಸೆ ಸುವರ್ಣಳಿಗೆ. ಮದುವೆಗೆ ಮುಂಚೆ ಹಿಡಿದ ಕಂಪ್ಯೂಟರ್ ಡಿಪ್ಲೊಮಾ ಮುಗಿಸಲು ಮಾವ ಒಪ್ಪಿದ್ದರು. ಕೊನೆಯ ಪ್ರಾಜೆಕ್ಟನ್ನು ಸೋಮವಾರ ಒಪ್ಪಿಸಬೇಕಿತ್ತು. ತಿಂಗಳುಗಟ್ಟಲೆ ಅಡುಗೆ, ಪಾತ್ರೆ ಮುಗಿಸಿ ಕೂತು ಬರೆದದ್ದು. ಡಿಪ್ಲೊಮಾ ಕೈಗೆ ಬಂದರೆ ಕೆಲಸಕ್ಕೆ ಸೇರುವ ಆಸೆ ಅವಳಿಗಿತ್ತು.

ಅಷ್ಟರಲ್ಲಿ ಕಂಪ್ಯೂಟರಿಗೆ ಹುಳ, ಅಂದರೆ ವೈರಸ್, ಬಿತ್ತು. ತೆರೆದ ಕಡತದಲ್ಲಿ ಅಕ್ಷರಗಳ ಬದಲು ಚುಕ್ಕಿ, ಗೀಟು. ಹಿಂದಿನ ವಾರ ರಿಪೇರಿಯ ನಾಗೇಂದ್ರಪ್ಪ ಬಂದು ತೆಗೆದು ಹೋಗಿದ್ದ. ಈಗ ಮತ್ತೆ ಅದೇ ಗೋಳು.

"ಅದಕ್ಕ ಕಾರಣ ನಂಗ ಗೊತ್ತೈತಿ," ಎಂದರು ಚೆನ್ನಬಸಮ್ಮ. "ಸುವರ್ಣ ಹೊರಗಾದ ದಿನ ಮುಂಜಾನಿ ಅದನ್ನ ಮುಟ್ಟಿದ್ಲು. ಮೈಲಿಗಿ ಆದಮ್ಯಾಲ ಹುಳ ಬೀಳದ ಇರ್ತದೇನು?"

ಲಿಂಗವಂತರಿಗೆ ಸೂತಕವಿಲ್ಲ ಎಂದು ಮಠದಲ್ಲಿ ಕೇಳಿ ತಲೆದೂಗಿ ಬಂದವರೇ ಅವರು. ಕೇಳಿದ್ದು ಮಠದ ಬಾಗಿಲಲ್ಲೇ ಉಳಿದಿತ್ತು. ಮುಟ್ಟಿನ ಮೂರು ದಿನ ಸುವರ್ಣ ಹಿಂದಿನ ಪಡಸಾಲೆಯ ಚಾಪೆಯಲ್ಲೇ ಇರಬೇಕು.

"ಅತ್ತಿ, ನಾನು ಮುಟ್ಟಿದಾಗಿನ್ನೂ ಆಗಿರಲಿಲ್ರಿ..."

"ಎದುರು ಮಾತು ಬ್ಯಾಡ."

ಮಾವ ಪೇಪರು ಮುಖಕ್ಕೆ ಹಿಡಿದುಕೊಂಡರು. ಗಂಡ ಕೊಟ್ರೇಶ ಕಿಟಕಿಯ ಕಡೆ ತಿರುಗಿದ. ಇವನಾದರೂ ಒಂದು ಮಾತಾಡಬಾರದೇ ಎಂದು ಸುವರ್ಣ ಅವನತ್ತ ನೋಡಿದಳು.

ಶನಿವಾರ ಮಧ್ಯಾಹ್ನ ನಾಗೇಂದ್ರಪ್ಪ ಮತ್ತೆ ಬಂದ. ಈ-ಮೇಲಿಗೆಂದು ಹಾಕಿದ್ದ ಫೋನಿನ ವೈರು ಕಿತ್ತು, ತನ್ನ ಫ್ಲಾಪಿ ಹಾಕಿ ಯಂತ್ರ ಚಾಲೂ ಮಾಡಿದ. "ಕೊಟ್ರೇಶಣ್ಣ, ಹುಳ ಹತ್ತಿದ ಒಂದೊಂದು ಫೈಲಿನ ಹೆಸರೂ ಬರ್ತದ. ಸಿ ಒತ್ತಿದ್ರ ಸ್ವಚ್ಛ ಆಗ್ತದ, ಡಿ ಒತ್ತಿದ್ರ ಫೈಲೇ ಅಳಿಸಿ ಹೋಗ್ತದ. ನೋಡಿ ಒತ್ರಿ," ಎಂದು ಹೇಳಿ ಮುಂದಿನ ಪಡಸಾಲೆಗೆ ಚಹಾ ಕುಡಿಯಲು ಹೋದ.

ಸುವರ್ಣ ಚಾಪೆ ಬಿಟ್ಟು ಕೋಣೆಯ ಹೊಸ್ತಿಲ ಹತ್ತಿರ ಬಂದು ನಿಂತಳು. ಅತ್ತೆ ಒಳಗಿದ್ದರು. ಕೊಟ್ರೇಶನಿಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ಮೊದಮೊದಲು ಸಿ ಒತ್ತಿದ. ಒಂದೊಂದಕ್ಕೂ ಯಂತ್ರ ಗುರುಗುಡುತ್ತ ತಡಮಾಡಿತು. "ಪೀಡಾ ಹೋಗ್ಲಿ ಅತ್ಲಾಗ" ಎನ್ನುತ್ತ ಡಿ ಒತ್ತತೊಡಗಿದ.

ಪರದೆಯ ಮೇಲೆ ಸುವರ್ಣಳ ಹೆಸರಿನ ಕಡತ ಬಂತು.

"ರೀ, ಅದು ನನ್ನ ಪ್ರಾಜೆಕ್ಟು! ಸಿ ಒತ್ರಿ, ಸಿ!" ಎಂದು ಅವಳು ಕಾಲೆತ್ತಿದಳು.

"ಒಳಗ ಕಾಲಿಡಬ್ಯಾಡ!" ಎಂದು ಚೆನ್ನಬಸಮ್ಮ ಕೈ ಅಡ್ಡ ಹಿಡಿದರು.

ಎತ್ತಿದ ಕಾಲು ಹಾಗೇ ನಿಂತಿತು. ನಾಲ್ಕು ಹೆಜ್ಜೆ ದಾಟಿದ್ದರೆ ಗಂಡನ ಕೈ ಹಿಡಿಯಬಹುದಿತ್ತು. ದಾಟಲಾಗಲಿಲ್ಲ. ಕೊಟ್ರೇಶ ಗಾಬರಿಯಲ್ಲಿ ತಾಯಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಅಷ್ಟರಲ್ಲಿ ಅವನ ಬೆರಳು ರೂಢಿಯಂತೆ ಡಿ ಒತ್ತಿಬಿಟ್ಟಿತ್ತು.

ಕೂಗಿಗೆ ನಾಗೇಂದ್ರಪ್ಪ ಓಡಿ ಬಂದ. ಏನೇನೋ ಒತ್ತಿ ನೋಡಿ ತಲೆಯಾಡಿಸಿದ. "ಇದ್ರಾಗಿಂದ ಹೋತ್ರಿ. ಫ್ಲಾಪಿಯಾಗ ಇನ್ನೊಂದು ಪ್ರತಿ ಇಟ್ಟೀರೇನ್ರಿ, ಅಕ್ಕ?"

"ಟೇಬಲ್ ಖಾನ್ಯಾಗ ಐತ್ರಿ. ನೀಲಿದು," ಎಂದಳು ಸುವರ್ಣ. ಜೀವ ಬಂದಂತಾಗಿತ್ತು.

ನಾಗೇಂದ್ರಪ್ಪ ನೀಲಿ ಫ್ಲಾಪಿ ಹಾಕಿ ನೋಡಿದ. ಪ್ರಾಜೆಕ್ಟು ಇರಲಿಲ್ಲ. ಅದನ್ನು ಅಳಿಸಿ ಯಾರೋ ಬೇರೇನೋ ತುಂಬಿದ್ದರು. "ಅಯ್ಯ, ಇದು ಕುಣಿಯೋ ಗೊಂಬಿ! ಈ-ಮೇಲಿನಾಗ ಬರೋದು. ಇದನ್ನ ತೆರೆದ್ರ ಗೊಂಬಿ ಕುಣೀತದ, ಹುಳ ಒಳಗ ಸೇರ್ತದ. ಹೋದ ವಾರ ನಾನು ತೆಗೆದಮ್ಯಾಲ ಇದನ್ನ ಮತ್ತ ಯಾರು ತೆರೆದ್ರಿ?"

ಚೆನ್ನಬಸಮ್ಮನವರ ಮುಖ ಕಪ್ಪಿಟ್ಟಿತು. ಮೊನ್ನೆ ಸಂಜೆ ಕೊಟ್ರೇಶ "ಅವ್ವ, ಇಲ್ಲಿ ಬಾ, ಮಜಾ ನೋಡು" ಎಂದು ಕರೆದು ಆ ಗೊಂಬೆ ಕುಣಿಸಿ ತೋರಿಸಿದ್ದ. ಸೆರಗು ಬಾಯಿಗಿಟ್ಟು ನಕ್ಕವರು ಅವರೇ. ಆಗ ಸೊಸೆ ಹಿಂದಿನ ಪಡಸಾಲೆಯಲ್ಲಿದ್ದಳು.

"ಲೇ ಕೊಟ್ರೇಶ, ನೀನಲ್ಲೇನ್ಲೇ ತೋರಿಸಿದ್ದು?"

"ಗೆಳ್ಯಾರಿಗೆ ಒಯ್ಯೋಣಂತ ಫ್ಲಾಪಿಗೆ ಹಾಕಿದ್ದೆ ಅವ್ವ. ಅದ್ರಾಗ ಆಕಿದು ಇತ್ತಂತ ನೋಡಲಿಲ್ಲ." ಅವನು ತಲೆ ಎತ್ತಲಿಲ್ಲ.

"ಎಲ್ಲಾ ಗೊತ್ತಿದ್ದೂ ಆಕಿ ಮ್ಯಾಲ ಬರೋ ಮಾತು ಕೇಳ್ಕೊಂತ ಕುಂತಿದ್ಯಲ್ಲಾ!" ಎಂದವರಿಗೆ ಆ ಮಾತು ಹೊರಟದ್ದು ತಮ್ಮ ಬಾಯಿಂದಲೇ ಎಂಬುದು ನೆನಪಾಯಿತು.

ಮೆಲ್ಲಗೆ ಹೊಸ್ತಿಲಿಗೆ ಬಂದರು. "ಎಲ್ಲಾ ಹೋತೇನವ್ವ?"

"ಎಲ್ಲಾ ಹೋತ್ರಿ ಅತ್ತಿ."

ಕಾಯಿ ಒಡೆದರೆ ತಿರುಗಿ ಬರುವಂಥದ್ದಲ್ಲ ಅದು. ಚೆನ್ನಬಸಮ್ಮ ಸೊಸೆಯ ರಟ್ಟೆ ಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಮರುಳಸಿದ್ದಪ್ಪನವರು ಬಾಗಿಲಲ್ಲಿ ಕೆಮ್ಮಿದರು. "ಅಲ್ಲ, ಇನ್ನಾ ಮೂರನೇ ದಿನ ಮುಗಿದಿಲ್ಲ..."

"ನೀವು ಸುಮ್ಮನ ಕುಂದ್ರಿ. ಕೊಟ್ರೇಶ, ಇವತ್ತು ಒಲಿ ಮುಂದ ನೀನು."

ಸೋಮವಾರದೊಳಗೆ ಮುಗಿಯುವ ಕೆಲಸವಲ್ಲವೆಂದು ಸುವರ್ಣಳಿಗೆ ಗೊತ್ತಿತ್ತು. ಕೀಬೋರ್ಡಿನ ಮೇಲೆ ಬೆರಳಿಟ್ಟು ಕೂತಳು. ಸಂಜೆಯಾಯಿತು. ಇನ್ನು ಅತ್ತೆ ತಲೆಗೆ ನೀರು ಹಾಕಿಕೊಳ್ಳುತ್ತಾರೆ, ನನ್ನನ್ನು ಮುಟ್ಟಿದ್ದು ಅಲ್ಲಿಗೆ ತೊಳೆದುಹೋಗುತ್ತದೆ ಎಂದು ಬಚ್ಚಲಿನ ಸದ್ದಿಗೆ ಕಿವಿಗೊಟ್ಟಳು. ಸದ್ದೇ ಬರಲಿಲ್ಲ. ತಿರುಗಿ ನೋಡಿದರೆ ಚೆನ್ನಬಸಮ್ಮ ಅದೇ ಸೀರೆಯಲ್ಲಿ ನಡುಮನೆಯಲ್ಲಿ ಪೂಜೆಗೆ ಕೂತಿದ್ದರು. ಅವಳ ರಟ್ಟೆ ಹಿಡಿದಿದ್ದ ಕೈಯಲ್ಲೇ ಲಿಂಗವಿತ್ತು.

ಸುವರ್ಣಳಿಗೆ ಅಳು ಉಕ್ಕಿ ಬಂತು. ಕಣ್ಣು ಒರೆಸಿಕೊಂಡು, ನೆನಪಿದ್ದಷ್ಟು ಬರೆಯಲು ಶುರುಮಾಡಿದಳು.