ಕೋಟಿನ ಜೇಬಿನಲ್ಲಿ ಕೈಯಿಟ್ಟು ಹಾಡಿದವಳು

ಪರಾನಾ ನದಿಯ ಮೇಲಣ ಗಾಳಿಯೂ ನಿಂತುಹೋಗಿ ರೊಸಾರಿಯೊ ನಗರವೆಲ್ಲ ಬೆವರುತ್ತಿದ್ದ ಜನವರಿಯ ನಡುಬೇಸಗೆಯ ಅಪರಾಹ್ಣಗಳಲ್ಲಿಯೂ ನಿದಿಯಾ ಕರ್ರಿಸೊ ವೇದಿಕೆಗೆ ಬರುತ್ತಿದ್ದುದು ಹಸಿರು ಉಣ್ಣೆಯ ಕೋಟು ತೊಟ್ಟು, ಎರಡೂ ಕೈಗಳನ್ನು ಅದರ ಜೇಬುಗಳಲ್ಲಿ ಹುದುಗಿಸಿಕೊಂಡೇ. ಜನ ಅದನ್ನು ಶೈಲಿಯೆಂದುಕೊಂಡರು. ನಮ್ಮೂರ ಹುಡುಗಿಯರು ಅಂಥದೇ ಕೋಟು ಹೊಲಿಸಿಕೊಂಡು ಕನ್ನಡಿಯ ಮುಂದೆ ನಿಂತರು. ಹಾಡುವಾಗ ಕೈ ನಡುಗುತ್ತದೆ, ಅದಕ್ಕೇ ಕೋಟು ಎಂದು ಆಕೆ ಕೇಳಿದವರಿಗೆಲ್ಲ ಹೇಳುತ್ತಿದ್ದಳು, ಯಾರೂ ನಂಬುತ್ತಿರಲಿಲ್ಲ.

ಲಿಫ್ಟು, ನಾಯಿ, ಗುಡುಗು, ದೂರವಾಣಿಯ ಕರೆ ಎಲ್ಲಕ್ಕೂ ಆಕೆಗೆ ಭಯ. ರಸ್ತೆಯೇ ಎಲ್ಲಿ ವಾಲೀತೋ ಎಂಬಂತೆ ಗೋಡೆಯನ್ನು ಸವರಿಕೊಂಡು ನಡೆಯುತ್ತಿದ್ದಳು. "ಇವಳು ಹುಟ್ಟುವಾಗಲೂ ಹೊರಗೆ ಯಾರ್ಯಾರಿದಾರೆ ಅಂತ ವಿಚಾರಿಸ್ಕೊಂಡೇ ಬಂದಿದ್ದು" ಎಂದು ಅಕ್ಕ ಎರ್ಮಿನಿಯಾ ಗೇಲಿ ಮಾಡುತ್ತಿದ್ದಳು. ಬಡಾವಣೆಯ ಕ್ಲಬ್ಬಿನ ಶನಿವಾರದ ನೃತ್ಯಕೂಟಗಳಿಂದ ರೇಡಿಯೊಗೆ, ಅಲ್ಲಿಂದ ಧ್ವನಿಮುದ್ರಿಕೆಗಳಿಗೆ ಏರಿದ ಆ ಕಂಠ ಒಮ್ಮೆಯೂ ಹೊಸ ಹಾಡೊಂದನ್ನು ಹಾಡಲಿಲ್ಲ. ಹಾಡಿದ್ದೆಲ್ಲ ಪರದೇಶಗಳಲ್ಲಿ ಆಗಲೇ ಗೆದ್ದ ಗೀತೆಗಳು, ಸ್ಪ್ಯಾನಿಷ್ ಮಾತುಗಳನ್ನುಟ್ಟುಕೊಂಡು ಬಂದವು. ಆ ಮಾತುಗಳನ್ನು ಹೊಸೆಯುತ್ತಿದ್ದವನು ಎಲ್ವಿಯೊ ಪಾಸ್ತೊರಿನೊ, ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಧ್ವನಿಮುದ್ರಿಕೆಯ ತಟ್ಟೆಗಳ ಮೇಲೆ ತನ್ನ ಬದಲು ಕಲ್ಪಿತ ಹೆಸರೊಂದನ್ನು ಹಾಕಿಸುತ್ತಿದ್ದ. ಮೇಷ್ಟ್ರು ಪ್ರೇಮಗೀತೆ ಬರೆಯುವುದು ಶಾಲೆಯವರಿಗೆ ತಿಳಿಯುವುದು ಬೇಡವೆಂದು. ಅವನೊಮ್ಮೆ ತನ್ನದೇ ಹಾಡೊಂದನ್ನು ಕೊಟ್ಟಾಗ ಆಕೆ ಹಿಂದಿರುಗಿಸಿದಳು. "ಬೇಡಪ್ಪ. ಮೊದಲು ಯಾರಾದ್ರೂ ಹಾಡಿ ಬದುಕಿ ಉಳಿದಿದಾರೆ ಅಂತ ಗೊತ್ತಾಗ್ಬೇಕು ನಂಗೆ."

ಸೇನೆಯ ಸಮವಸ್ತ್ರದವರು ದೇಶವನ್ನು ಕೈಗೆ ತೆಗೆದುಕೊಂಡ ಮರುವರ್ಷ ಎಲ್ವಿಯೊನ ಶಾಲೆಯಿಂದ ಇಬ್ಬರು ಮೇಷ್ಟ್ರುಗಳನ್ನು ಕಾರಿನಲ್ಲಿ ಕರೆದೊಯ್ದರು, ಅವರು ಮರಳಲಿಲ್ಲ. ಎಲ್ವಿಯೊ ಎರ್ಮಿನಿಯಾಳ ಮನೆಯ ಹಿಂಬದಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅಡಗಿದ. ಆ ವಾರವೆಲ್ಲ ನಿದಿಯಾ ಊಟ ಬಿಟ್ಟಳು, ಚಪ್ಪಲಿ ತೊಟ್ಟೇ ಮಲಗಿದಳು. ಬೀದಿಯಲ್ಲಿ ಯಾವ ಕಾರು ನಿಂತರೂ ಅದರ ಬಾಗಿಲು ತೆರೆಯುವ ಸದ್ದಿಗಾಗಿ ಉಸಿರು ಹಿಡಿದು ಕಾಯುತ್ತಿದ್ದಳು.

ಕಡೆಗೆ ಕಾರು ಬಂದದ್ದು ಆಕೆಗಾಗಿಯೇ. ಬೆಳಗಿನ ಹೊತ್ತು, ಅಭ್ಯಾಸದ ನಡುವೆ. ಅವರು ಕರೆದೊಯ್ದ, ಕಿಟಕಿಯ ಗಾಜಿಗೆ ಬಣ್ಣ ಬಳಿದಿದ್ದ ಕೋಣೆಯಲ್ಲಿ ಆಕೆಯದೇ ಹಾಡಿನ ತಟ್ಟೆ ತಿರುಗುತ್ತಿತ್ತು. ಅಧಿಕಾರಿ ಸೌಜನ್ಯದಿಂದ ಕುರ್ಚಿ ತೋರಿಸಿದ, ಕಾಫಿ ತರಿಸಿದ. ಆ ಹಾಡಿನ ಮೂಲ ಇಂಗ್ಲಿಷಿನಲ್ಲಿ ನಲ್ಲ ಸೇತುವೆಯ ಬಳಿ ಕಾಯುತ್ತಾನೆ, ಸ್ಪ್ಯಾನಿಷಿನಲ್ಲಿ ಆಚೆದಡದಲ್ಲಿ ಕಾಯುತ್ತಾನೆ, ನದಿ ದಾಟಿ ತಪ್ಪಿಸಿಕೊಳ್ಳುವವರಿಗೆ ಇದು ಯಾರು ಕೊಟ್ಟ ಸಂಕೇತ ಎಂದು ಅವನು ವಿಚಾರಿಸಿದ. ಬರೆದವನ ನಿಜವಾದ ಹೆಸರು ಬೇಕಾಗಿತ್ತು ಅವನಿಗೆ.

"ಕೈ ಹೊರಗೆ ತೆಗೀರಿ" ಎಂದ.

ತೆಗೆದು ಮೇಜಿನ ಮೇಲಿಟ್ಟಳು. ಕಾಫಿಯ ಬಟ್ಟಲು ಸಾಸರಿಗೆ ತಾಗಿ ಕಿಣಿಗುಟ್ಟುವಷ್ಟು ಅವು ನಡುಗುತ್ತಿದ್ದವು.

"ಯಾಕೆ ಇಷ್ಟು ಹೆದರ್ತೀರಿ?"

"ನಾನು ಯಾವಾಗ್ಲೂ ಹೀಗೇ ಸಾರ್. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ." ಆಮೇಲೆ, ತನ್ನದೇ ಮಾತನ್ನು ತಾನು ನಂಬದವಳಂತೆ, "ಬರೆದಿದ್ದು ನಾನೇ" ಎಂದಳು.

ಹಾಗಾದರೆ ಸೇತುವೆಯನ್ನು ಯಾಕೆ ಬಿಟ್ಟಿರಿ ಎಂದು ಅವನು ಕೇಳಿದ. ಆಕೆಗೆ ಗೊತ್ತಿದ್ದುದು ಒಂದೇ, ಹಾಡುವಾಗ ಬಾಯಿ ತೆರೆಯುವ ರೀತಿ. ಆ ಶಬ್ದ ಬರುವಲ್ಲಿ ಸ್ವರ ಮೇಲಕ್ಕೇರುತ್ತದೆ. 'ಪುಯೆಂತೆ', ಸೇತುವೆ, ಎಂದರೆ ಬಾಯಿ ಕಿರಿದಾಗಿ ಸ್ವರ ಚೀರುತ್ತದೆ. 'ಒರೀಜಾ', ದಡ, ಎಂದರೆ ಬಾಯಿ ಅಗಲವಾಗಿ ತೆರೆಯುತ್ತದೆ. ಹೇಳಿದರೆ ಸಾಲದೆಂದು ಎದ್ದು ನಿಂತು ಎರಡನ್ನೂ ಹಾಡಿದಳು, ಬಣ್ಣ ಬಳಿದ ಗಾಜಿನ ಕಡೆ ಮುಖ ಮಾಡಿ. ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು ಯಾರದೆಂದು ಊಹಿಸುವ ಧೈರ್ಯ ಆಕೆಗೆ ಬರಲಿಲ್ಲ.

ಅಧಿಕಾರಿ ತನ್ನೆದುರಿನ ಕಡತ ಮುಚ್ಚಿದ. "ನನ್ನ ಹೆಂಡತೀನೂ ಅಂಥದೇ ಕೋಟು ಹೊಲಿಸಿದಾಳೆ" ಎಂದ. "ಇನ್ಮೇಲೆ ಹಾಡಬೇಡಿ."

ಬಿಡುಗಡೆಯಾಗಿ ಬಂದಾಗ, ನಿಷೇಧ ಆ ಹಾಡೊಂದಕ್ಕೇ ಎಂದು ಆಕೆ ತಿಳಿದಿದ್ದಳು. ಆದರೆ ರೇಡಿಯೊದವರು ಮತ್ತೆ ಕರೆಯಲಿಲ್ಲ, ಮುದ್ರಿಕೆಗಳು ಅಂಗಡಿಗಳಿಂದ ಕಾಣೆಯಾದವು. ಎಲ್ವಿಯೊ ಆ ವಾರಾಂತ್ಯ ಹಣ್ಣಿನ ಲಾರಿಯೊಂದರಲ್ಲಿ ಗಡಿಯತ್ತ ಹೊರಟು ಹೇಗೋ ಮೆಕ್ಸಿಕೊ ಸೇರಿದ. ನಿದಿಯಾ ಅಕ್ಕನ ಜೊತೆ ಎಂಪನಾದ ಎಂಬ ಮಾಂಸದ ಕಡುಬು ಕರಿದು ಮಾರುತ್ತ ಉಳಿದಳು. ಗಿರಾಕಿಯ ದನಿ ತುಸು ಏರಿದರೂ ಒಲೆಯ ಹಿಂದಕ್ಕೆ ಸರಿಯುತ್ತಿದ್ದಳು; ಕೆಲಸ ಮಾಡುವಾಗ ಗುನುಗುವ ಅಭ್ಯಾಸವೂ ಬಿಟ್ಟುಹೋಗಿತ್ತು.

ಸಮವಸ್ತ್ರದವರು ತೊಲಗಿದ ಮೇಲೆ, ಹಳೆಯ ಕ್ಲಬ್ಬಿನಲ್ಲಿ ಒಂದು ಭಾನುವಾರದ ಅಪರಾಹ್ಣ ಆಕೆ ಮತ್ತೆ ಹಾಡಿದಳು. ಕಂಠ ಒಡೆದಿತ್ತು. ಆಚೆದಡದ ಹಾಡಿಗೆ ಮುನ್ನ, ಇದರ ಮಾತುಗಳು ಎಲ್ವಿಯೊ ಪಾಸ್ತೊರಿನೊನವು ಎಂದು ಮೊದಲ ಬಾರಿ ಸಭೆಗೆ ಹೇಳಿದಳು. ಸಭೆಯ ಹಿಂದೆ, ಕೂದಲು ನರೆತು ಮರಳಿದ್ದ ಎಲ್ವಿಯೊ ನಿಂತಿದ್ದ. ಹಾಡು ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಮಾತು.

"ಅವತ್ತು ನಿಂಗೆ ಹೆದರಿಕೆ ಆಗ್ಲಿಲ್ವಾ ನಿದಿಯಾ?"

"ಆಯ್ತಲ್ಲ. ಇನ್ನೂ ಹೋಗಿಲ್ಲ. ಇವತ್ತೂ ಬಾಗಿಲ ಕಡೆ ನೋಡ್ಕೊಂಡೇ ಹಾಡ್ದೆ."

ಭಯವನ್ನು ಗೆದ್ದವರ ಕಥೆಗಳು ನಮಗೆ ಪ್ರಿಯ. ಅವರಿಗಾಗಿ ಚೌಕಗಳಲ್ಲಿ ಪ್ರತಿಮೆಗಳು ಏಳುತ್ತವೆ. ಆದರೆ ಭಯವನ್ನು ಗೆಲ್ಲದೆಯೇ ಬಾಳುವ ಇನ್ನೊಂದು ಜಾತಿಯ ಜನರಿದ್ದಾರೆ. ಮನೆಯ ರೋಗಿಷ್ಠ ಬಂಧುವನ್ನು ಜೊತೆಗೆ ಕರೆದೊಯ್ಯುವಂತೆ ಅವರು ಅದನ್ನು ಎಲ್ಲಿಗೂ ಕೈಹಿಡಿದು ನಡೆಸಿಕೊಂಡು ಹೋಗುತ್ತಾರೆ, ಮಾಡಬೇಕಾದ್ದನ್ನು ಅದರೆದುರಿಗೇ ಮಾಡಿ, ಮತ್ತೆ ಅದರೊಡನೆಯೇ ಮನೆಗೆ ಮರಳುತ್ತಾರೆ. ಅವರನ್ನು ಧೀರರೆಂದು ಯಾರೂ ಕರೆಯುವುದಿಲ್ಲ, ಕರೆದರೆ ಅವರೇ ಬೆಚ್ಚಿಬೀಳುತ್ತಾರೆ. ಆದರೂ ಕೆಟ್ಟ ಕಾಲದಲ್ಲಿ ಬದುಕಿ ಉಳಿದ ಎಷ್ಟೋ ಮಂದಿ ಉಳಿದದ್ದು ಇಂಥ ನಡುಗುವವರ ಮರೆಯಲ್ಲಿ.